‘ಎಲ್ಲ ಸರಿಯಿದೆ ಸಾರ್’ ಅಂದದ್ದೇ ತಪ್ಪಾಯಿತು

ಅಪ್ಪ ಮನೆಯಲ್ಲಿ ಇಲ್ಲದಾಗ ನನಗೆ ಹಾಯೆನಿಸುತ್ತದೆ. ಒಂದು ದಿನ ಇಷ್ಟನ್ನು ಡೈರಿಯಲ್ಲಿ ಬರೆದೆ. ಬರೆದದ್ದನ್ನು ನೋಡಿ ನನಗೇ ನಾಚಿಕೆಯಾಗಿ ಪುಟ ಮುಚ್ಚಿಟ್ಟೆ. ಎಂಥ ಮಗಳು ನಾನು! ಪದವಿ ಮುಗಿಸಿ ವರ್ಷವಾಗಿತ್ತು, ಮನೆಯಲ್ಲೇ ಇದ್ದೆ. ಒಂದು ಲೋಟ ನೀರು ಕೊಡುವಾಗಲೂ ಮೊದಲು ಅಪ್ಪನ ಹುಬ್ಬು ನೋಡುತ್ತಿದ್ದೆ. ಗಂಟು ಹಾಕಿದ್ದರೆ ಲೋಟ ಇಟ್ಟು ಓಡಿಬರುತ್ತಿದ್ದೆ.

ಅಪ್ಪ ಸೈನ್ಯದಲ್ಲಿ ಸೇತುವೆ ಕಟ್ಟುವ ದಳದಲ್ಲಿದ್ದವರು. ಕಬ್ಬಿಣದ ತೊಲೆಯೊಂದು ಜಾರಿ ಬೆನ್ನಿಗೆ ಬಿದ್ದು ಸೊಂಟ ಹೋಯಿತು. ಸೊಂಟಕ್ಕೆಂದು ಒಂದಿಷ್ಟು ಅಂಗವೈಕಲ್ಯ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಅದಾಗಿ ಒಂಬತ್ತು ವರ್ಷವಾಗಿತ್ತು. ಅಪ್ಪ ನಿವೃತ್ತರಾದರು, ನೋವು ನಿವೃತ್ತಿಯಾಗಲಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ನಗು, ಆಮೇಲೆ ಗೆಳೆಯರು. ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಇಸ್ತ್ರಿ ಅಂಗಡಿ. ಗಿರಾಕಿ ಸ್ವಲ್ಪ ಜೋರಾಗಿ ಮಾತಾಡಿದರೂ ಒಳಗಿನಿಂದ ಅಪ್ಪ ಗುಡುಗುತ್ತಿದ್ದರು. ಗುಡುಗದ ದಿನ ಇನ್ನೂ ಕಷ್ಟ. ಗೋಡೆಗೆ ಮುಖ ಮಾಡಿ ಮಲಗಿದರೆ ಸಂಜೆಯಾದರೂ ಏಳುತ್ತಿರಲಿಲ್ಲ.

“ಅವರ ಸ್ವಭಾವವೇ ಹಾಗೆ ಬಿಡು,” ಅನ್ನುತ್ತಿದ್ದಳು ಅಮ್ಮ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಅಂಗಡಿಗೆ ಬಿಳಿ ಕೋಟು ಇಸ್ತ್ರಿಗೆ ಕೊಡುವ ಒಬ್ಬರಿದ್ದಾರೆ. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಈಗ ಮಾಜಿ ಸೈನಿಕರ ಸಹಾಯ ಕೇಂದ್ರದಲ್ಲಿ ಕೂರುತ್ತಾರೆ. ಎಲ್ಲರಿಗೂ ಅವರು ಸಿಸ್ಟರಮ್ಮ. ಒಂದು ದಿನ ಅಪ್ಪನ ಗುಡುಗು ಕೇಳಿ, ಚಪ್ಪಲಿ ಬಿಟ್ಟು ಸೀದಾ ಒಳಗೇ ಬಂದುಬಿಟ್ಟರು.

“ಏನಣ್ಣಾ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

“ಸೊಂಟ ಬಿಡಬೇಕಲ್ಲ ಸಿಸ್ಟರ್.”

“ಸೊಂಟದ ಮಾತು ಆಮೇಲೆ. ಮನಸ್ಸು ಹೇಗಿದೆ?”

“ನನಗೇನು ಹುಚ್ಚು ಹಿಡಿದಿದೆಯಾ?”

“ಹುಚ್ಚು ಅಂತ ಯಾರಂದ್ರು? ಚಪ್ಪಲಿಯೊಳಗೆ ಒಂದು ಕಲ್ಲು ಸೇರಿದ್ರೆ ಹತ್ತು ಹೆಜ್ಜೆಗೆ ಸಿಟ್ಟು ಬರುತ್ತೆ. ನೀವು ಒಂಬತ್ತು ವರ್ಷ ನಡೆದಿದ್ದೀರಿ. ಮನಸ್ಸು ಹಣ್ಣಾಗದೆ ಇರುತ್ತಾ?”

ಅಪ್ಪ ಸೊಂಟ ಹಿಡಿದುಕೊಂಡು ಸರಿದು ಕೂತರು. ಗೋಡೆಯ ಕಡೆಗೆ ತಿರುಗಲಿಲ್ಲ.

ಸಿಸ್ಟರಮ್ಮ ಹಟ ಹಿಡಿದು ಅವರನ್ನು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ವೈದ್ಯರು ಮುಕ್ಕಾಲು ಗಂಟೆ ಮಾತಾಡಿಸಿ, ಇದು ಖಿನ್ನತೆ, ಬಹುಕಾಲದ ನೋವಿನಿಂದ ಬಂದದ್ದು ಎಂದರು. ಸೇವೆಯಲ್ಲಿ ಆದ ಗಾಯದಿಂದ ನೋವು, ನೋವಿನಿಂದ ಖಿನ್ನತೆ. ಹಾಗಾಗಿ ಮನಸ್ಸಿನ ಕಾಯಿಲೆಯನ್ನೂ ಅಂಗವೈಕಲ್ಯಕ್ಕೆ ಸೇರಿಸಿ ಎಂದು ಅರ್ಜಿ ಹಾಕಬಹುದಿತ್ತು. ಅರ್ಜಿ ಪರಿಶೀಲಿಸುವ ವೈದ್ಯರ ಮಂಡಳಿ ಒಪ್ಪಿದರೆ ಸೈನ್ಯದ ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಚಿಕಿತ್ಸೆ. ಒಪ್ಪದಿದ್ದರೆ ಖಾಸಗಿ ವೈದ್ಯರ ಶುಲ್ಕ ಅಮ್ಮನ ಇಸ್ತ್ರಿಪೆಟ್ಟಿಗೆಯಿಂದಲೇ ಹುಟ್ಟಬೇಕು. ಎರಡು ತಿಂಗಳಾಚೆಗೆ ಅದು ನಡೆಯದು ಎಂದು ಮೂವರಿಗೂ ಗೊತ್ತಿತ್ತು. ಆಮೇಲೆ ಮತ್ತೆ ಅದೇ ಗೋಡೆ.

ಮಂಡಳಿಯ ಮುಂದೆ ಹಾಜರಾಗುವ ದಿನ ಬಂತು. ಅಪ್ಪ ಬೆಳಗ್ಗೆಯೇ ಎದ್ದು ನುಣ್ಣಗೆ ಗಡ್ಡ ಹೆರೆದರು. ಬೂಟಿಗೆ ಪಾಲಿಶ್ ಹಾಕಿದರು. ಅಮ್ಮನ ಕೈಯಿಂದ ಪ್ಯಾಂಟಿಗೆ ಚಾಕುವಿನಂಥ ಗೆರೆ ಹಾಕಿಸಿಕೊಂಡರು. ಊರುಗೋಲು ಕೊಟ್ಟರೆ, “ಅದನ್ನ ಹಿಡ್ಕೊಂಡು ಡಾಕ್ಟರ್ ಕರ್ನಲ್ ಮುಂದೆ ಹೋಗ್ಲಾ?” ಎಂದು ಮೂಲೆಗೆ ಸರಿಸಿದರು. ಆಸ್ಪತ್ರೆಯಲ್ಲಿ ನನ್ನನ್ನು ಹೊರಗೆ ಕೂರಿಸಿ ಒಳಗೆ ಹೋದವರು ಆರು ನಿಮಿಷಕ್ಕೆ ಹೊರಗೆ ಬಂದರು.

“ಏನು ಕೇಳಿದ್ರಪ್ಪಾ?”

“ಹೇಗಿದ್ದೀರಿ ಅಂದ್ರು.”

“ನೀವೇನಂದ್ರಿ?”

“ಎಲ್ಲ ಸರಿಯಿದೆ ಸಾರ್, ಅಂದೆ.”

ಮೂರು ವಾರಕ್ಕೆ ಕಾಗದ ಬಂತು. ಅರ್ಜಿದಾರರು ಆರೋಗ್ಯವಾಗಿ, ಉತ್ಸಾಹದಿಂದ ಇರುವಂತೆ ಕಾಣುತ್ತಾರೆ. ಅರ್ಜಿ ತಿರಸ್ಕೃತ. ಬೇಕಿದ್ದರೆ ಗಡುವಿನೊಳಗೆ ಮೇಲ್ಮನವಿ ಹಾಕಿಕೊಳ್ಳಬಹುದು.

“ಗೆರೆ ಹಾಕಿಕೊಟ್ಟದ್ದು ನಾನೇ,” ಎಂದು ಅಮ್ಮ ಹಣೆ ಹಿಡಿದುಕೊಂಡು ಕುಳಿತಳು. “ಇಷ್ಟು ಚೆನ್ನಾಗಿ ಹಾಕಬಾರದಿತ್ತು.”

“ಸಾಕು, ಇನ್ನು ಯಾರ ಬಾಗಿಲಿಗೂ ಹೋಗಲ್ಲ,” ಎಂದರು ಅಪ್ಪ.

ಸುದ್ದಿ ಕೇಳಿ ಸಿಸ್ಟರಮ್ಮ ಬಿರುಗಾಳಿಯ ಹಾಗೆ ಬಂದರು. ಕಾಗದ ಓದಿ ಮೇಜಿನ ಮೇಲೆ ಬಡಿದರು.

“ಅಣ್ಣಾ, ಒಂದು ಮಾತು ಹೇಳಿ. ಸೇತುವೆ ಕಟ್ಟಿದ ಮೇಲೆ ಅದನ್ನ ತಪಾಸಣೆ ಮಾಡ್ತಿದ್ದವರು ಯಾರು?”

“ನಾನೇ.” ಅಪ್ಪನ ದನಿಯಲ್ಲಿ ಹಳೆಯ ಗತ್ತು ಬಂತು. “ನನ್ನ ಸಹಿ ಇಲ್ಲದೆ ಒಂದು ಗಾಡಿನೂ ದಾಟ್ತಿರಲಿಲ್ಲ.”

“ಬೋಲ್ಟು ಸಡಿಲ ಇದೆ ಅಂತ ಗೊತ್ತಿದ್ದೂ ಯಾರಾದ್ರೂ ಎಲ್ಲ ಸರಿಯಿದೆ ಅಂತ ಬರೆದುಕೊಟ್ಟಿದ್ರೆ?”

“ಒದ್ದು ಓಡಿಸ್ತಿದ್ದೆ! ಗಾಡಿ ಸಮೇತ ಜನ ನೀರಿಗೆ ಬೀಳ್ತಾರೆ!”

“ಮತ್ತೆ ನೀವು ಕೊಟ್ಟುಬಂದಿದ್ದು ಎಂಥ ವರದಿ? ನಿಮ್ಮ ಮೇಲೆ ಈ ಇಬ್ಬರು ದಾಟಬೇಕಲ್ಲಣ್ಣಾ.”

ಅಪ್ಪ ಅಮ್ಮನನ್ನು ನೋಡಿದರು. ನನ್ನನ್ನು ನೋಡಿದರು. “ಮಗೂ, ಒಂದು ನೋಟ್‌ಬುಕ್ ಕೊಡು,” ಎಂದರು.

ಅವತ್ತಿನಿಂದ ಅಪ್ಪ ತಮ್ಮನ್ನೇ ತಪಾಸಣೆ ಮಾಡತೊಡಗಿದರು. ಸ್ಕೇಲು ಇಟ್ಟು ಗೆರೆ ಎಳೆದು ಮೂರು ಅಂಕಣ ಮಾಡಿಕೊಂಡರು: ಹೊತ್ತು, ದೋಷ, ಕಾರಣ. ‘ಬೆಳಗ್ಗೆ ಏಳು. ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ. ಎರಡು ತಾಸು ಮಾತ್ರ ನಿದ್ದೆ, ಸೊಂಟ.’ ‘ಮಧ್ಯಾಹ್ನ. ಗಿರಾಕಿ ಮೇಲೆ ಕೂಗಾಡಿದೆ. ಅವನ ತಪ್ಪಿಲ್ಲ. ಕಾಲಿನವರೆಗೆ ಉರಿ.’ ‘ಇಡೀ ದಿನ. ಯಾರೂ ಬೇಡ ಅನ್ನಿಸಿತು.’ ಅಷ್ಟು ವರ್ಷ ನಾವು ಹುಬ್ಬು ನೋಡಿ ಊಹಿಸುತ್ತಿದ್ದದ್ದು ಈಗ ದುಂಡಗಿನ ಅಕ್ಷರದಲ್ಲಿ ಎದುರಿಗಿತ್ತು.

ಮೇಲ್ಮನವಿಗೆ ಮನೆಯವರ ಹೇಳಿಕೆಯೂ ಬೇಕಿತ್ತು. ನಾನು ಓದಿದವಳೆಂದು ಸಿಸ್ಟರಮ್ಮ ನನಗೇ ಬರೆಯಲು ಹೇಳಿದರು. ‘ತಂದೆಯವರು ಆಗಾಗ್ಗೆ ಬೇಸರದಿಂದ ಇರುತ್ತಾರೆ’ ಎಂದು ಬರೆದುಕೊಟ್ಟೆ.

ಸಿಸ್ಟರಮ್ಮ ಕನ್ನಡಕ ಕೆಳಗಿಳಿಸಿ ನೋಡಿದರು. “ಇದೇನೇ, ಹವಾಮಾನ ವರದಿ? ಅಲ್ಲಲ್ಲಿ ಮೋಡ ಕವಿದ ವಾತಾವರಣ? ನಿಮ್ಮಪ್ಪನ ಹಾಗೇ ನೀನೂ ಎಲ್ಲ ಸರಿಯಿದೆ ಸಾರ್ ಅಂತೀಯಲ್ಲೇ! ಕಂಡದ್ದನ್ನ ಬರಿ.”

ಕಂಡದ್ದನ್ನು ಬರೆದೆ. ಎರಡು ವರ್ಷದಿಂದ ಅವರು ನಮ್ಮ ಜೊತೆ ಕೂತು ಊಟ ಮಾಡಿಲ್ಲ ಎಂದು ಬರೆದೆ. ನನ್ನ ಪದವಿ ಪ್ರದಾನದ ದಿನ ಕಾಲೇಜಿನ ಗೇಟಿನವರೆಗೆ ಬಂದು, ಜನ ನೋಡಿ ವಾಪಸು ಹೋದರು ಎಂದು ಬರೆದೆ. ಅಪ್ಪ ಅದನ್ನು ಓದಿ, “ಗೇಟಿಗೆ ಬಂದದ್ದು ನಿನಗೆ ಗೊತ್ತಿತ್ತಾ?” ಎಂದರು. ತಲೆಯಾಡಿಸಿದೆ.

ಕಾಗದದಲ್ಲಿ ಕೊಟ್ಟಿದ್ದ ಗಡುವಿಗೆ ನಾಲ್ಕು ದಿನ ಇರುವಾಗ ಮೇಲ್ಮನವಿ ಸೇರಿತು. ನೋಟ್‌ಬುಕ್ಕಿನ ಪ್ರತಿ, ನಮ್ಮ ಹೇಳಿಕೆ, ಸೊಂಟದ ಹಳೆಯ ದಾಖಲೆಗಳು. ಎಲ್ಲಕ್ಕಿಂತ ಮೇಲೆ ಮನೋವೈದ್ಯರ ಪತ್ರ. ಖಿನ್ನತೆ ಇದೆ ಎಂದಷ್ಟೇ ಅಲ್ಲ, ಆ ಸೊಂಟದ ನೋವಿನಿಂದಲೇ ಬಂದಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಂಡಿದ್ದೆವು.

ಎರಡನೆಯ ಸಲ ಅಪ್ಪ ಊರುಗೋಲು ಹಿಡಿದೇ ಹೊರಟರು. ಈ ಸಲ ನನ್ನನ್ನೂ ಒಳಗೆ ಕೂರಲು ಬಿಟ್ಟರು. ಉದ್ದ ಮೇಜು, ಮೂವರು ವೈದ್ಯರು, ಒಂದು ಗೋಡೆ ಗಡಿಯಾರ. ನಡುವೆ ಕೂತಿದ್ದವರು ಕಡತದಿಂದ ತಲೆ ಎತ್ತಿ, “ಹೇಗಿದ್ದೀರಿ?” ಎಂದರು.

ಅಪ್ಪನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು. ಎದೆ ಮುಂದೆ ಬಂತು. “ಎಲ್ಲ...” ಎಂದರು. ಕೈಯಲ್ಲಿದ್ದ ಊರುಗೋಲನ್ನು ನೋಡಿಕೊಂಡರು.

“ಎಲ್ಲ ಸರಿಯಿಲ್ಲ ಸಾರ್,” ಎಂದರು. “ಕೂತ್ಕೊಳ್ಳಬಹುದಾ? ಹೇಳೋದು ಬಹಳ ಇದೆ.”

ನಲವತ್ತು ನಿಮಿಷ ಹೇಳಿದರು. ನಡುವೆ ಒಂದು ಸಲ ಕಣ್ಣೊರೆಸಿಕೊಂಡರು, ಕರವಸ್ತ್ರ ಮಡಿಸಿ ಜೇಬಿಗಿಟ್ಟು ಮುಂದುವರಿಸಿದರು. ಕಡೆಗೆ ಆ ವೈದ್ಯರು ಎದ್ದುನಿಂತು, “ಇಂಥ ತಪಾಸಣಾ ವರದಿ ನಾನು ನೋಡಿಲ್ಲ,” ಎಂದು ಅಪ್ಪನ ಕೈ ಕುಲುಕಿದರು.

ಮಂಜೂರಾದ ಕಾಗದ ಬಂದ ದಿನ ಅಮ್ಮ ಸಂತೋಷದಲ್ಲಿ ಯಾರದೋ ಶರ್ಟಿನ ತೋಳು ಸುಟ್ಟಳು. ಒಳಗಿಂದ ಅಪ್ಪ ಗುಡುಗುತ್ತಾರೆಂದು ಕಾದೆವು. ಅವರು ನಕ್ಕರು! “ಇನ್ನೊಂದು ತೋಳೂ ಸುಡೇ, ಅರ್ಧ ತೋಳಿನ ಶರ್ಟ್ ಮಾಡಿಕೊಡೋಣ.” ಸುದ್ದಿ ಕೇಳಿ ಬಂದಿದ್ದ ಸಿಸ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಬಾಗಿಲಲ್ಲೇ ಕೂತುಬಿಟ್ಟರು.

ಸೊಂಟದ ನೋವು ಈಗಲೂ ಇದೆ. ಆದರೆ ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಆಪ್ತಸಲಹೆ ಇದೆ, ಐದು ತಾಸು ನಿದ್ದೆ ಇದೆ. ಊಟಕ್ಕೆ ಮೂರು ತಟ್ಟೆ ಒಟ್ಟಿಗೆ ಬೀಳುತ್ತವೆ.

ಕಳೆದ ಭಾನುವಾರ ಸಹಾಯ ಕೇಂದ್ರದಲ್ಲಿ ಮಾಜಿ ಸೈನಿಕರ ಕುಟುಂಬಗಳ ಸಭೆಯಿತ್ತು. ಸಿಸ್ಟರಮ್ಮ ನನ್ನ ಕೈಗೆ ಮೈಕು ತುರುಕಿ, “ನಾಲ್ಕು ಮಾತು ಹೇಳು,” ಎಂದರು. ನಾನು ಬರೆದುಕೊಂಡು ಹೋಗಿದ್ದೆ. ಸಹಾಯ ಕೇಂದ್ರದವರು ಅಚ್ಚು ಹಾಕಿಸಿರುವ ಈ ಕರಪತ್ರ ಓದುತ್ತಿರುವ ನಿಮಗೂ ಹೇಳಬೇಕಾದದ್ದು ಅದೇ. ನಿಮ್ಮ ಮನೆಯ ಸೈನಿಕರಿಗೆ ಹಳೆಯ ಗಾಯದ ನೋವಿದ್ದು, ನಿದ್ದೆ, ನಗು, ಮಾತು ಒಂದೊಂದಾಗಿ ಹೋಗುತ್ತಿದ್ದರೆ, ಅದನ್ನು ಸ್ವಭಾವ ಎನ್ನಬೇಡಿ. ವೈದ್ಯರಿಗೆ ತೋರಿಸಿ. ನೋವಿಗೂ ಮನಸ್ಸಿಗೂ ಇರುವ ನಂಟನ್ನು ಪತ್ರದಲ್ಲಿ ಬರೆಸಿಕೊಳ್ಳಿ. ದಿನದಿನದ ಕಷ್ಟ ಬರೆದಿಡಿ. ಒಂದು ಸಲ ತಿರಸ್ಕರಿಸಿದರೆ ಗಡುವು ನೋಡಿ ಮೇಲ್ಮನವಿ ಹಾಕಿ. ಮಂಡಳಿಯ ಮುಂದೆ ಧೈರ್ಯ ತೋರಿಸಲು ಹೋಗಬೇಡಿ, ನಿಜ ಹೇಳಿ. ಅದು ಭಿಕ್ಷೆಯಲ್ಲ, ಅವರು ಬೆನ್ನು ಕೊಟ್ಟು ಗಳಿಸಿದ ಹಕ್ಕು.

ಆದರೆ ಸಭೆಯಲ್ಲಿ ಮೈಕು ಹಿಡಿದು ಕಾಗದದಿಂದ ತಲೆ ಎತ್ತಿದೆ. ಮುಂದೆ ಎಂಬತ್ತು ಜನ. ಎಲ್ಲರದೂ ಬಿಗಿದ ಮುಖ, ನೆಟ್ಟಗಿನ ಬೆನ್ನು. ಮೂರನೆಯ ಸಾಲಿನಲ್ಲಿ ಅಪ್ಪ ಕೂತಿದ್ದರು. ಹೇಳು, ಎನ್ನುವ ಹಾಗೆ ಗಲ್ಲ ಎತ್ತಿದರು.

ಕಾಗದ ಮಡಿಸಿದೆ. ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ನಮ್ಮಪ್ಪನಿಗೆ ಮನಸ್ಸಿನ ಕಾಯಿಲೆ ಇದೆ. ಅವರ ಮಗಳು ಅಂತ ಹೇಳ್ಕೊಳ್ಳೋಕೆ ನನಗೆ ಹೆಮ್ಮೆ.”