ಹಿಂದಿನ ಗೋಡೆಯ ಪಾಚಿಗೆರೆ

ಆಸ್ಪತ್ರೆಯ ಹಿಂದಿನ ಗೋಡೆಯ ಮೇಲೆ, ತಾರಸಿಯಿಂದ ನೆಲದವರೆಗೆ, ಅಂಗೈಯಗಲದ ಒಂದು ಪಾಚಿಗೆರೆ ಇಳಿದಿತ್ತು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಐದು ಮಹಡಿಯ ಹೊಸ ಕಟ್ಟಡ, ವರ್ಷ ತುಂಬುವ ಮೊದಲೇ ಸೋರುವುದೆಂದರೇನು?

"ಏನಮ್ಮಾ, ನಿನ್ನ ಕಟ್ಟಡಕ್ಕೆ ಆಗಲೇ ನೆಗಡಿ!" ಎಂದು ಅದನ್ನು ಕಟ್ಟಿಸಿದ ಇಂಜಿನಿಯರ್ ನೀಲಾಂಬಿಕೆಯನ್ನು ಛೇಡಿಸಿದ್ದೆ. ಅವಳು ಗೋಡೆಯನ್ನೊಮ್ಮೆ ನೋಡಿ ನಕ್ಕಳು. ಆ ನಗು ಇನ್ನಷ್ಟು ಸಿಟ್ಟು ತರಿಸಿತು.

ಆಗ ನಾನು ಹೆರಿಗೆ ವಾರ್ಡಿನ ಹಿರಿಯ ನರ್ಸು. ನಮ್ಮೂರಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಬಂದ ದಿನ ಕೊಡ, ಬಕೆಟ್ಟು, ಕೊನೆಗೆ ಊಟದ ಡಬ್ಬಿಯನ್ನೂ ತುಂಬಿಸಿಡುವ ಜನ ನಾವು. ಅಂಥ ಊರಲ್ಲಿ ಈ ಮಹಾತಾಯಿ ತಾರಸಿಯ ಮೇಲೆ ಕೋಣೆಯಷ್ಟು ದೊಡ್ಡ ತೊಟ್ಟಿ ಕಟ್ಟಿಸಿ, ಅರ್ಧಕ್ಕೆ ಕೆಂಪು ಗೆರೆ ಎಳೆದು, ನೀರು ಅದನ್ನು ದಾಟಕೂಡದು ಎಂದಿದ್ದಳು. ಹೆಚ್ಚಾದದ್ದು ಕೊಳವೆಯಲ್ಲಿ ಹಿತ್ತಲಿನ ಗಿಡಗಳಿಗೆ ಹೋಗುತ್ತಿತ್ತು.

"ನೆಲ ನಡುಗಿದ್ರೆ ಕಟ್ಟಡ ತೂಗುತ್ತೆ, ಸಿಸ್ಟರ್. ಆಗ ಆ ನೀರು ಎದುರು ದಿಕ್ಕಿಗೆ ಬಡಿದು ತೂಗಾಟಾನ ತಡೀಬೇಕು. ಕಂಠಮಟ್ಟ ತುಂಬಿದ್ರೆ ಅದು ಹೊರಳೋಕೆ ಜಾಗ ಎಲ್ಲಿ?"

"ನಡುಗೋದು ಯಾವತ್ತೋ! ಬಾಣಂತಿಯರಿಗೆ ನೀರು ಇವತ್ತೇ ಬೇಕಲ್ಲ!"

ನಾನು ಕೇಳುವವಳೇ? ಒಂದು ದಿನ ಏಣಿ ಹತ್ತಿ, ಮರದ ಬೆಣೆಗೆ ಹಳೇ ಸೀರೆ ಸುತ್ತಿ ಕೊಳವೆಯ ಬಾಯಿಗೆ ಜಡಿದೆ. ಎತ್ತರವೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತೊಟ್ಟಿ ತುಂಬಿಕೊಂಡಿದೆ ಎಂದು ನೆಮ್ಮದಿಯಾಗಿದ್ದೆ. ಪಾಚಿ ಕಾಣಿಸಿಕೊಂಡದ್ದು ಅದಾದ ಎರಡು ತಿಂಗಳಿಗೆ.

ಒಂದು ಮಧ್ಯಾಹ್ನ ಔಷಧಿ ಬಾಟಲಿಗಳು ತಾವಾಗಿಯೇ ಗಲಗಲ ಎಂದವು. ಕಾಲಡಿಯ ನೆಲ ಸರಿಯಿತು. ನಾಲ್ಕನೆಯ ಮಹಡಿಯಲ್ಲಿ ಹನ್ನೊಂದು ಕೂಸುಗಳು, ಅವುಗಳ ತಾಯಂದಿರು, ನಾನು. ನನ್ನ ಬೆಣೆ ನೆನಪಾಯಿತು. ಅಯ್ಯೋ ಪಾಪಿ, ಇಷ್ಟೂ ಜೀವ ತಿಂದೆಯಲ್ಲೇ ಎಂದು ನನ್ನನ್ನು ನಾನೇ ಶಪಿಸಿಕೊಳ್ಳುತ್ತ ಎರಡು ಕೂಸುಗಳನ್ನು ಎದೆಗವಚಿಕೊಂಡೆ.

ತಲೆಯ ಮೇಲಿಂದ ಸದ್ದು ಬಂತು. ದಬ್... ದಬ್... ನೀರು ಹೊರಳುತ್ತಿತ್ತು! ಅತ್ತಿತ್ತ ತೂಗಿದ ಕಟ್ಟಡ ಮೆಲ್ಲಗೆ ನಿಂತಿತು. ಒಂದು ಕಿಟಕಿಯ ಗಾಜೂ ಒಡೆಯಲಿಲ್ಲ.

ಕೂಸುಗಳನ್ನು ತಾಯಂದಿರ ಮಡಿಲಿಗಿಟ್ಟು ತಾರಸಿಗೆ ಓಡಿ ಏಣಿ ಹತ್ತಿದೆ. ಬೆಣೆ ಜಡಿದಲ್ಲೇ ಇತ್ತು. ಆದರೂ ನೀರು ಅರ್ಧಕ್ಕೇ ನಿಂತಿತ್ತು. ಬಗ್ಗಿ ನೋಡಿದರೆ, ತೊಟ್ಟಿಯ ಹಿಂಬದಿಯಲ್ಲಿ, ಕೆಂಪು ಗೆರೆಗಿಂತ ಬೆರಳಗಲ ಮೇಲೆ, ಇನ್ನೊಂದು ಕಿಂಡಿ. ನಾನು ಬೈಯುತ್ತಿದ್ದ ಪಾಚಿ ಅಲ್ಲಿಂದಲೇ ಇಳಿದಿತ್ತು.

ಓಡೋಡಿ ಬಂದ ನೀಲಾಂಬಿಕೆಯ ಕೈ ಹಿಡಿದು ಅತ್ತುಬಿಟ್ಟೆ. "ನನ್ನ ಬೆಣೆ ವಿಷಯ ನಿನಗೆ ಗೊತ್ತಿತ್ತೇನೇ?"

"ಪಾಚಿ ಕಂಡ ದಿನವೇ. ನಾನು ಬೆಣೆ ಕಿತ್ತಿದ್ರೆ ನೀವು ಈ ಕಿಂಡೀನೂ ಹುಡುಕಿ ಮುಚ್ತಿದ್ರಿ. ನಾನೂ ಇದೇ ಊರೋಳಲ್ವಾ ಸಿಸ್ಟರ್? ಅರ್ಧ ತೊಟ್ಟಿ ಕಂಡ್ರೆ ನನ್ನ ಕೈಯೂ ಸುಮ್ನಿರಲ್ಲ. ಅದಕ್ಕೇ ಕಟ್ಟಿಸೋವಾಗ್ಲೇ ಈ ಕಿಂಡಿ ಬಿಡಿಸಿದ್ದೆ."

ನಮ್ಮೂರ ಹುಡುಗಿ! ನಾಚಿಕೆ ಪಡಬೇಕಾದವಳು ಹೆಮ್ಮೆಯಿಂದ ಉಬ್ಬಿಹೋದೆ. ಬೆಣೆಯನ್ನು ಅಂದೇ ಕಿತ್ತೆಸೆದೆ.

ಪಾಚಿ ಈಗ ಒಣಗಿ ಕಪ್ಪಾಗಿದೆ. ಗೋಡೆಗೆ ಬಣ್ಣ ಬಳಿಯುವವರು ಬಂದಾಗಲೆಲ್ಲ ನಾನು ಕೋಲೂರಿಕೊಂಡು ಹೋಗಿ ಕೆಳಗೆ ನಿಲ್ಲುತ್ತೇನೆ. ಅವರು ಇಡೀ ಗೋಡೆಯನ್ನು ಬೆಳ್ಳಗೆ ಮಾಡಿ, ಆ ಒಂದು ಗೆರೆಯನ್ನು ಹಾಗೆಯೇ ಬಿಟ್ಟು ಇಳಿಯುತ್ತಾರೆ.