ತಲೆನೋವಂತೆ

ನನ್ನ ತರಗತಿಯಲ್ಲಿ ‘ಅಂತೆ’ ಎಂಬ ಪದಕ್ಕೆ ಪ್ರವೇಶವಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ವರ್ಷದ ಮೊದಲ ದಿನವೇ ಹೇಳಿಬಿಡುತ್ತೇನೆ: ಅವನು ಒಳ್ಳೆಯವನಂತೆ, ಅವಳಿಗೆ ಬೇಜಾರಂತೆ ಎಂದರೆ ನಾನು ಕೇಳುವವಳಲ್ಲ. ಎಲ್ಲಿ ಬರೆದಿದೆ, ಯಾವ ಸಾಲು, ಬೆರಳಿಟ್ಟು ತೋರಿಸಿ. ಒಂದು ಸಾಕ್ಷಿ ಸಿಕ್ಕರೆ ಅನುಮಾನ, ಎರಡು ಸಿಕ್ಕರೆ ವಾದ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಎಲ್ಲಿದೆ ಮಿಸ್’ ಎಂದು ಕರೆಯುತ್ತಾರೆಂದು ನನಗೆ ಗೊತ್ತು. ಕರೆಯಲಿ.

ಆ ದಿನ ನಾನು ಬೋರ್ಡಿನ ಮೇಲೆ ಬರೆದದ್ದು ಯಾವ ಪುಸ್ತಕದ್ದೂ ಅಲ್ಲ. ಅದು ನನ್ನ ತಂಗಿಯ ಫೋನಿನಿಂದ ಹಿಂದಿನ ಸಂಜೆ ಬಂದ ಮೆಸೇಜು. ಮಕ್ಕಳಿಗೆ ಅದನ್ನು ಹೇಳಲಿಲ್ಲ, ‘ಅಪರಿಚಿತ ಗದ್ಯ’ ಎಂದಷ್ಟೇ ಹೇಳಿದೆ.

ತಂಗಿಯ ದನಿ ಕೇಳಿ ಒಂದು ವಾರದ ಮೇಲಾಗಿತ್ತು. ಫೋನು ಮಾಡಿದರೆ ಕಟ್ ಆಗುತ್ತಿತ್ತು, ಹಿಂದೆಯೇ ಮೆಸೇಜು ಬರುತ್ತಿತ್ತು. ಅವಳ ಗಂಡ ಬಹಳ ಮರ್ಯಾದಸ್ಥ, ಎದುರಿಗೆ ಸಿಕ್ಕರೆ ಬೆಣ್ಣೆಯಂಥ ಮಾತು. ಆದರೆ ಅವನು ಕೋಣೆಗೆ ಬಂದ ಕೂಡಲೇ ತಂಗಿ ಅರ್ಧ ಮಾತಿಗೇ ಬಾಯಿ ಮುಚ್ಚುವುದನ್ನು ನಾನು ನೋಡಿದ್ದೆ. ನನ್ನ ಯಜಮಾನರಿಗೆ ಹೇಳಿದರೆ ನಕ್ಕರು. “ನಿಂದು ಮೇಷ್ಟ್ರ ಬುದ್ಧಿ ಕಣೆ. ಮೆಸೇಜಿಗೂ ಕೆಂಪು ಇಂಕು ಹಾಕ್ತೀಯ” ಎಂದರು. ಅವರ ಮಾತೇ ನಿಜವಾಗಲಿ ಎಂದು ನನಗೂ ಆಸೆಯಿತ್ತು. ನನಗೆ ಹೆದರಿಕೆಯಾಗಿತ್ತು, ಹೆದರಿದವಳ ಓದನ್ನು ನಂಬುವ ಹಾಗಿಲ್ಲ. ಏನೂ ಗೊತ್ತಿಲ್ಲದ ಮಕ್ಕಳು ಓದಿ ‘ಇದರಲ್ಲೇನೂ ಇಲ್ಲ ಮಿಸ್’ ಎಂದುಬಿಟ್ಟರೆ ಸಾಕು ಎಂದುಕೊಂಡು ಅದನ್ನು ಬೋರ್ಡಿಗೆ ಇಳಿಸಿದ್ದೆ:

“ಅಕ್ಕ, ನಾನು ಚೆನ್ನಾಗಿದ್ದೀನಿ. ಗಂಟಲು ಕೂತಿದೆ, ಫೋನಲ್ಲಿ ಮಾತಾಡೋಕೆ ಆಗ್ತಿಲ್ಲ. ಎರಡು ದಿನದಿಂದ ತಲೆನೋವಂತೆ, ಮಲಗೇ ಇದ್ದೀನಿ. ನೀನು ಸುಮ್ಮನೆ ಗಾಬರಿಯಾಗಬೇಡ. ಈ ವಾರ ಮನೆ ಕಡೆ ಬರಬೇಡಿ. ಹುಷಾರಾದ ಮೇಲೆ ನಾನೇ ಬರ್ತೀನಿ.”

“ಇದನ್ನು ಬರೆದವರು ಯಾರು? ಸಾಕ್ಷಿ ಕೊಡಿ” ಎಂದೆ.

ಮೊದಲು ಎದ್ದವನು ವಕೀಲ. ಕೂದಲು ಸೀಳುವಂತೆ ವಾದ ಮಾಡುವುದರಿಂದ ಆ ಹುಡುಗನಿಗೆ ಆ ಹೆಸರು. “ತಂಗಿ ಮಿಸ್. ‘ಅಕ್ಕ’ ಅಂತಿದೆ, ‘ನೀನು’ ಅಂತಿದೆ. ಎರಡು ಸಾಕ್ಷಿ, ಆಯ್ತಲ್ಲ.”

“ಹಾಗಾದ್ರೆ ಐದನೇ ಸಾಲಲ್ಲಿ ‘ಬರಬೇಡಿ’ ಅಂತ ಯಾಕಿದೆ?” ಎಂದು ಹಿಂದಿನ ಬೆಂಚಿನ ಒಬ್ಬಳು ಕೇಳಿದಳು. “ನೀನು ಅಂದವಳು ಬರಬೇಡ ಅನ್ನಬೇಕಿತ್ತು.”

ಆ ಒಂದು ಗುಡಿಸು ನನ್ನ ನಿದ್ದೆ ಕೆಡಿಸಿತ್ತು. ತಂಗಿ ನನ್ನನ್ನು ಹುಟ್ಟಿದಾಗಿನಿಂದ ‘ನೀನು’ ಎಂದವಳು. ‘ನೀವು’ ಎನ್ನುವವನು ಅವಳ ಗಂಡ.

“ಅಕ್ಕನಿಗೂ ಅಕ್ಕನ ಮನೆಯವರಿಗೂ ಸೇರಿಸಿ ಹೇಳಿರಬಹುದು” ಎಂದ ವಕೀಲ. “ಬಹುವಚನ ಅಷ್ಟೇ, ಮರ್ಯಾದೆ ಅಲ್ಲ. ಈ ಸಾಕ್ಷಿ ನಿಲ್ಲಲ್ಲ ಮಿಸ್.”

ನನಗೆ ಉಸಿರು ಬಂದಂತಾಯಿತು. ಇದು ನನಗೇಕೆ ಹೊಳೆಯಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅವನಿಗೆ ಪೂರ್ತಿ ಅಂಕ ಕೊಟ್ಟು, ಬೋರ್ಡು ಒರೆಸಿ, ಮನೆಗೆ ಹೋಗಿ ಯಜಮಾನರ ಹತ್ತಿರ ಸೋತೆನೆಂದು ಒಪ್ಪಿಕೊಳ್ಳುವವಳಿದ್ದೆ.

ಅಷ್ಟರಲ್ಲಿ ಗುಬ್ಬಿ ಕೈ ಎತ್ತಿದಳು. ದನಿ ಅಷ್ಟು ಸಣ್ಣದಾದ್ದರಿಂದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ.

“ಮಿಸ್, ಇದರಲ್ಲಿ ಒಂದು ‘ಅಂತೆ’ ಇದೆ.”

ತರಗತಿ ಗೊಳ್ಳೆಂದಿತು. ‘ಅಂತೆ’ ಸಿಕ್ಕರೆ ಹಿಡಿದುಕೊಡುವುದು ಅವರಿಗೆ ಆಟ.

“ತಲೆನೋವಂತೆ” ಎಂದು ಓದಿದಳು ಗುಬ್ಬಿ. “ತನ್ನ ತಲೆನೋವಿಗೆ ಯಾರಾದ್ರೂ ‘ಅಂತೆ’ ಅಂತಾರಾ ಮಿಸ್? ನೀವೇ ಹೇಳಿದ್ರಲ್ಲ, ಇನ್ನೊಬ್ಬರು ಹೇಳಿದ್ದನ್ನ ಕೇಳಿ ಹೇಳೋವಾಗ ‘ಅಂತೆ’. ಇದನ್ನ ಬರೆದವರಿಗೆ ತಲೆ ನೋಯ್ತಿಲ್ಲ. ಬೇರೆ ಯಾರಿಗೋ ನೋಯ್ತಿದೆ. ಆಮೇಲೆ ನೆನಪಾಗಿ ‘ಮಲಗೇ ಇದ್ದೀನಿ’ ಅಂತ ಸರಿ ಮಾಡ್ಕೊಂಡಿದ್ದಾರೆ.”

ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ, ಆ ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೋರ್ಡಿನ ಮೇಲೆ ಅದರ ಕೆಳಗೆ ಗೆರೆ ಎಳೆದೆ.

ವಕೀಲ ತಲೆ ಕೆರೆದುಕೊಂಡ. “ಹಾಗಾದ್ರೆ ‘ಬರಬೇಡಿ’ನೂ ನಿಲ್ಲುತ್ತೆ. ಎರಡಾಯ್ತು. ಇದನ್ನ ತಂಗಿ ಬರೆದಿಲ್ಲ.”

“ಮತ್ತೆ ತಂಗಿ ಎಲ್ಲಿದ್ದಾಳೆ?” ಎಂದು ಯಾರೋ ಕೇಳಿದರು.

“ಅದಕ್ಕೆ ಇದರಲ್ಲಿ ಸಾಕ್ಷಿ ಇಲ್ಲ” ಎಂದ ಅವನು, ನಾನು ಕಲಿಸಿದ ಗತ್ತಿನಲ್ಲೇ. “ಬದುಕಿದ್ದಾಳೆ ಅನ್ನೋದಕ್ಕೂ ಇಲ್ಲ.”

ಪಾಪ, ಹುಡುಗ ಅಂಕಕ್ಕಾಗಿ ಹೇಳಿದ ಮಾತು. ನಾನು ಬ್ಯಾಗನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ. ವರಾಂಡದಲ್ಲಿ ನಿಂತು ಯಜಮಾನರಿಗೆ ಫೋನು ಮಾಡಿ “ಈಗಲೇ ಸ್ಕೂಟರ್ ತಗೊಂಡು ಬನ್ನಿ, ಏನೂ ಕೇಳಬೇಡಿ” ಎಂದೆ. ನನ್ನ ದನಿ ಹೇಗಿತ್ತೋ, ಅವರು ನಗಲಿಲ್ಲ. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಕಿರುಚಬೇಕು ಅನ್ನಿಸಿತು.

ಬಾಗಿಲು ತೆಗೆದವನು ತಂಗಿಯ ಗಂಡ. ಇಸ್ತ್ರಿ ಮಾಡಿದ ಅಂಗಿ, ನಗುಮುಖ. “ಬನ್ನಿ ಅಕ್ಕ, ಫೋನಾದ್ರೂ ಮಾಡಬಾರದಿತ್ತಾ” ಎಂದ. ನಾನು ಅವನನ್ನು ದಾಟಿ ಒಳಗೆ ನುಗ್ಗಿದೆ. ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಅವನು ಅಡ್ಡ ಬರುವಷ್ಟರಲ್ಲಿ ಯಜಮಾನರು ಮಧ್ಯೆ ನಿಂತುಬಿಟ್ಟಿದ್ದರು. ಚಿಲಕಕ್ಕೆ ಎರಡೂ ಕೈ ಹಾಕಿ ಎಳೆದೆ.

ಅವಳು ಮಂಚದ ಮೂಲೆಯಲ್ಲಿ ಕೂತಿದ್ದಳು. ಹಣೆಯ ಒಂದು ಪಕ್ಕ ಊದಿ ನೀಲಿಗಟ್ಟಿತ್ತು. ನನ್ನನ್ನು ನೋಡಿದವಳು ಏಳಲಿಲ್ಲ, ಅಳಲೂ ಇಲ್ಲ. ನನ್ನ ಹಿಂದೆ ಯಾರಿದ್ದಾರೆಂದು ನೋಡಿದಳು.

ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಪೊಲೀಸ್ ಸ್ಟೇಷನ್ನಿನ ಕಡೆ ಹೊರಟೆ. ಯಜಮಾನರ ಸ್ಕೂಟರ್ ನಮ್ಮ ಹಿಂದೆಯೇ ಬರುತ್ತಿತ್ತು. ಅವಳ ಕೈ ನನ್ನ ಕೈಯಲ್ಲಿತ್ತು. ಅರ್ಧ ದಾರಿಯಲ್ಲಿ ಅವಳೇ ಮಾತಾಡಿದಳು.

“ನೀನು ಬರಲ್ಲ ಅಂದ್ಕೊಂಡಿದ್ದೆ.”

“ಯಾಕೆ ಹಾಗಂದ್ಕೊಂಡೆ?”

“ಮೆಸೇಜಿಗೆ ನೀನು ಉತ್ತರ ಹಾಕ್ತಿದ್ಯಲ್ಲ, ‘ಸರಿ ಕಣೆ, ರೆಸ್ಟ್ ತಗೋ’ ಅಂತ. ದಿನಾ ಅದನ್ನ ಓದಿ ತೋರಿಸ್ತಿದ್ರು. ನೋಡು, ನಿಮ್ಮಕ್ಕಾನೇ ಬರೆದಿರೋದು, ಅವಳಿಗೂ ನೀನು ಬೇಡ ಅಂತಿದ್ರು.” ಅವಳು ನನ್ನ ಮುಖ ನೋಡದೆ ಹೇಳಿದಳು. “ಅದು ನಿಜವಾಗಲೂ ನೀನೇ ಬರೆದದ್ದು ಅಲ್ವಾ ಅಕ್ಕ?”

ಹೌದು ಎಂದೆ.