ತಂಗಿ ಬಾಯಿ ಮುಚ್ಚಿದ ದಿನ

ಅಕ್ಕ ಅಂಗಡಿಗೆ ಬರುವಷ್ಟರಲ್ಲಿ ತಂಗಿ ಶಟರ್ ಎತ್ತಿ, ಕನ್ನಡಿ ಒರೆಸಿ, ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೊದಲಿನವೆರಡೂ ದಿನನಿತ್ಯದ ಕೆಲಸ. ಮೂರನೆಯದು ಅವಳು ಹುಟ್ಟಿದ ಮೇಲೆ ಇದೇ ಮೊದಲು.

“ಏನೇ, ಗಂಟಲು ಕೆಟ್ಟಿತಾ?”

ತಂಗಿ ತಲೆಯಾಡಿಸಿ ಕನ್ನಡಿಗೆ ಅಂಟಿಸಿದ್ದ ರಟ್ಟು ತೋರಿಸಿದಳು. ‘ಇವತ್ತು ಸಂಜೆ ಆರರವರೆಗೆ ಮಾತಿಲ್ಲ. ಮಾತಿನ ಪಾಠಕ್ಕೆ ಸಹಾಯ ಮಾಡಿ.’

ಅಂಗಡಿ ಒಂದೇ, ಕಸುಬು ಎರಡು. ಮುಂದೆ ತಂಗಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು, ಪರದೆಯ ಹಿಂದೆ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಹೋದ ವರ್ಷ ಅಕ್ಕನ ಗಂಡನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಕಾಲು ಒಂದಿಷ್ಟು ಸುಧಾರಿಸಿತು, ನಾಲಿಗೆ ಸುಧಾರಿಸಲಿಲ್ಲ. ಅಂಥವರಿಗೆ ಮತ್ತೆ ಮಾತು ಕಲಿಸಲು ಆಸ್ಪತ್ರೆಯ ಹಿಂಭಾಗದ ಕೋಣೆಗೆ ಒಬ್ಬ ಟೀಚರಮ್ಮ ಬರುತ್ತಿದ್ದರು. ಈಗ ಆಕೆಯ ಸಂಬಳಕ್ಕೇ ಕುತ್ತು ಬಂದಿತ್ತು. ರೋಗಿಗಳ ಮನೆಯವರೆಲ್ಲ ಸೇರಿ ಸಂಬಳ ಹೊಂದಿಸದಿದ್ದರೆ ಬರುವ ತಿಂಗಳಿಂದ ಆ ಕೋಣೆಗೆ ಬೀಗ.

ಅದಕ್ಕೇ ಎಲ್ಲರೂ ಒಂದು ಉಪಾಯ ಮಾಡಿಕೊಂಡಿದ್ದರು. ಒಬ್ಬೊಬ್ಬರೂ ತಮ್ಮ ಕೈಲಾಗದಂಥ ಒಂದು ಕೆಲಸ ಹಿಡಿಯುವುದು, ಅದನ್ನು ಮಾಡಿ ತೋರಿಸಿದರೆ ಇಷ್ಟು ಕೊಡಿ ಎಂದು ಪರಿಚಯದವರನ್ನು ಒಪ್ಪಿಸುವುದು. ಒಬ್ಬರ ಮಗ ಸೈಕಲ್ ತುಳಿದ. ಒಬ್ಬರ ಸೊಸೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಹತ್ತಿ ಇಳಿದಳು. ತಂಗಿ ಎದ್ದು ನಿಂತು, “ನಾನು ಒಂದು ಹಗಲು ಪೂರ್ತಿ ಬಾಯಿ ಮುಚ್ಕೊಂಡಿರ್ತೀನಿ” ಎಂದಾಗ ಇಡೀ ಕೋಣೆ ನಕ್ಕಿತ್ತು. ಅಕ್ಕನ ಗಂಡನೂ ನಕ್ಕಿದ್ದ.

“ಸರಿ, ಯಾರ್‍ಯಾರು ಕೊಡ್ತೀನಿ ಅಂದ್ರು?” ಅಕ್ಕ ಕೇಳಿದಳು.

ತಂಗಿ ಬಾಚಣಿಗೆಯ ಹಲ್ಲುಗಳನ್ನು ನೋಡತೊಡಗಿದಳು.

“ಯಾರನ್ನೂ ಕೇಳೇ ಇಲ್ವಾ? ಕೇಳೋ ಮುಂಚೆನೇ ಬಾಯಿ ಮುಚ್ಚಿದ್ಯಾ? ನಾಳೆ ದುಡ್ಡು ಒಪ್ಪಿಸಬೇಕಲ್ಲೇ!”

ತಂಗಿ ಕೈ ಮುಗಿದಳು. ಮುಗಿದ ಕೈ ಬಿಚ್ಚಿ, ಒಂದು ಬೆರಳನ್ನು ಅಕ್ಕನ ಕಡೆ ತೋರಿಸಿ, ಅದೇ ಬೆರಳನ್ನು ಬೀದಿಗೆ ತಿರುಗಿಸಿದಳು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಹೊಲಿದ ಬಟ್ಟೆಯ ಕೂಲಿ ಕೇಳಲೂ ನಾಚುವ ಜೀವ ಅವಳದು. ಇನ್ನೊಬ್ಬರ ಮುಂದೆ ಕೈ ಚಾಚುವುದು ಹೇಗೆ? ಆದರೆ ಆ ಕೋಣೆಗೆ ಬೀಗ ಬಿದ್ದರೆ ಗಂಡನ ಗತಿ? ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟಳು.

ಔಷಧಿ ಅಂಗಡಿಯ ಮುಂದೆ ನಿಂತಳು. “ಏನಮ್ಮ ಕೊಡ್ಲಿ?” ಎಂದರು ಅಂಗಡಿಯವರು. ಬಾಯಿಗೆ ಬಂದದ್ದು ಬೇರೆ. “ಕೆಮ್ಮಿನ ಗುಳಿಗೆ” ಎಂದಳು. ಬೇಕರಿಯಲ್ಲೂ ಇದೇ ಪಾಡು. ಬೇಕರಿಯಾಕೆ ನಗುತ್ತಾ ಬಂದದ್ದೇ ತಡ, ಅಕ್ಕ ನಾಲ್ಕು ಬನ್ನು ಕಟ್ಟಿಸಿಕೊಂಡಳು. ದುಡ್ಡು ತರಲು ಹೋದವಳು ದುಡ್ಡು ಕೊಟ್ಟು ಬಂದಳು.

ವಾಪಸು ಬರುವಾಗ ಮೊಳೆ, ಪೇಂಟು ಮಾರುವ ಅಂಗಡಿಯವನೇ ಕರೆದ. ತಾನು ಕೊಳ್ಳುವಾಗಲೂ ಮಾರುವಾಗಲೂ ಹಿಂಡಿ ಹಿಪ್ಪೆ ಮಾಡುತ್ತಿದ್ದುದರಿಂದ ಬೀದಿಯವರು ಅವನಿಗೆ ಚೌಕಾಸಿ ಮಾವ ಎಂದು ಹೆಸರಿಟ್ಟಿದ್ದರು.

“ಏನಮ್ಮಾ, ನಿನ್ನ ತಂಗಿ ಸುಮ್ಮನಿದ್ದಾಳಂತೆ? ಊರೆಲ್ಲ ಅದೇ ಸುದ್ದಿ. ಇದನ್ನ ನಾನು ಕಣ್ಣಾರೆ ನೋಡಬೇಕು.”

“ನೋಡೋಕೆ ದುಡ್ಡು ಆಗುತ್ತೆ,” ಎಂದುಬಿಟ್ಟಳು ಅಕ್ಕ, ಸಿಟ್ಟಿನಲ್ಲಿ.

“ಆಗ್ಲಿ! ಆರರ ತನಕ ಸುಮ್ಮನಿದ್ರೆ ಆ ಟೀಚರಮ್ಮನ ಒಂದು ತಿಂಗಳ ಸಂಬಳ ನಾನು ಕೊಡ್ತೀನಿ. ಬಾಯಿಂದ ಒಂದೇ ಒಂದು ಮಾತು ಬಿತ್ತೋ, ಬಿಡಿಗಾಸೂ ಇಲ್ಲ.”

ಮಧ್ಯಾಹ್ನದ ಮೇಲೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜಾಂಡಾ ಊರಿದ. ಊರಿದವನು ಸುಮ್ಮನಿದ್ದನೇ?

“ಈ ಶಾಂಪೂ ಪಾತ್ರೆ ತೊಳಿಯೋ ಸೋಪಿನ ನೀರಂತೆ, ಹೌದೇನಮ್ಮಾ?”

ತಂಗಿಯ ಕಿವಿ ಕೆಂಪಾಯಿತು.

“ಆ ಬ್ಯಾಂಕಿನಾಕೆ ತಲೆ ನೋಡಿದೆ. ಇಲಿ ಕಡಿದ ಹಾಗಿತ್ತು. ಇಲ್ಲೇ ಕತ್ತರಿಸಿದ್ದಂತಲ್ಲ?”

ಕತ್ತರಿ ಗಾಳಿಯಲ್ಲೇ ನಿಂತಿತು. ಕತ್ತರಿಯ ಕೆಳಗೆ ಕೂತಿದ್ದ ಹೆಂಗಸು ಹೆದರಿ, “ಮಾವ, ಸ್ವಲ್ಪ ಸುಮ್ನಿರಿ, ನನ್ನ ಕಿವಿ ಇಲ್ಲೇ ಇದೆ” ಎಂದಳು. ಅಕ್ಕ ಹಲ್ಲು ಕಚ್ಚಿಕೊಂಡು ಮಷೀನು ತುಳಿದಳು. ತೋಳು ಹೊಲಿಯಬೇಕಾದಲ್ಲಿ ಜೇಬು ಹೊಲಿದು, ಮತ್ತೆ ಬಿಚ್ಚಿದಳು.

ಸಂಜೆ ಪಾಠ ಮುಗಿಸಿ ಗಂಡ ಕೋಲೂರಿಕೊಂಡು ಬಂದ. ಬಂದವನು ಕಿಟಕಿಯ ಬಳಿ ನಿಂತ. ಬಾಯಿ ತೆರೆದು, “ಕು…” ಎಂದ.

ದಿನಾ ಆಗಿದ್ದರೆ ಅಷ್ಟಕ್ಕೇ ತಂಗಿ, “ಕುಡಿಯೋಕೆ ನೀರಾ ಭಾವ? ಟೀ ಬೇಕಾ? ಸುಸ್ತಾಯ್ತಾ?” ಎಂದು ಮೂರು ಪ್ರಶ್ನೆ ಕೇಳಿ, ಮೂರಕ್ಕೂ ತಾನೇ ಉತ್ತರ ಹೇಳಿ, ಲೋಟ ಕೈಗಿಟ್ಟಿರುತ್ತಿದ್ದಳು. ‘ಅವರ ಬಾಯಿಗೆ ನೀವು ಮಾತು ತುರುಕಬೇಡಿ, ಕಾಯಿರಿ’ ಎಂದು ಟೀಚರಮ್ಮ ಎಷ್ಟು ಸಲ ಹೇಳಿದ್ದರೋ. ಪ್ರೀತಿ ಇದ್ದವರಿಗೆ ಕಾಯಲು ಎಲ್ಲಿ ಆಗುತ್ತದೆ?

ಇವತ್ತು ತಂಗಿ ಕತ್ತರಿ ಹಿಡಿದು ನಿಂತೇ ಇದ್ದಳು. ಅಕ್ಕ ಪರದೆ ಸರಿಸಿ, “ನೀರು ಬೇ…” ಎನ್ನುವಷ್ಟರಲ್ಲಿ ಅವಳ ಬಾಯಿಗೆ ತಂಗಿಯ ಕೈ ಬಂದು ಕೂತಿತು.

“ಕು… ಕು…” ಗಂಡನ ಹಣೆಯಲ್ಲಿ ಬೆವರು. ಕೋಲು ನೆಲಕ್ಕೆ ಕುಟ್ಟಿದ. ಚೌಕಾಸಿ ಮಾವನ ಬಾಯಿಯೂ ಕಟ್ಟಿತು.

“ಕುರ್ಚಿ. ನಂ… ನಂದು. ಏಳು!”

ಮಾವ ಸ್ಪ್ರಿಂಗಿನಂತೆ ಎದ್ದು ನಿಂತ. ಅದು ನಿಜಕ್ಕೂ ಅಕ್ಕನ ಗಂಡನದೇ ಕುರ್ಚಿ, ದಿನಾ ಪಾಠದಿಂದ ಬಂದು ಕೂರುವ ಜಾಗ. ವರ್ಷದಲ್ಲಿ ಅವನಿಂದ ಮೂರು ಮಾತು ಒಟ್ಟಿಗೆ ಬಂದದ್ದು ಇದೇ ಮೊದಲು, ಅದೂ ಬೈಗುಳ!

ತಂಗಿಯ ಕಣ್ಣು ಅರಳಿತು, ಎದೆ ಉಬ್ಬಿತು, ಬಾಯಿ ತೆರೆಯಿತು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಇನ್ನೂ ಒಂದಿಷ್ಟು ಹೊತ್ತಿತ್ತು. ಅಕ್ಕನಿಗೆ ಏನೂ ತೋಚಲಿಲ್ಲ. ಕೈಗೆ ಸಿಕ್ಕ ಬನ್ನನ್ನು ಇಡಿಯಾಗಿ ಆ ತೆರೆದ ಬಾಯಿಗೆ ತುರುಕಿದಳು.

ತಂಗಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವಂಥ ಕೆಮ್ಮು.

“ಶಬ್ದ ಬಂತು! ಶಬ್ದ ಬಂತು!” ಎಂದ ಚೌಕಾಸಿ ಮಾವ. “ಅರ್ಧ ಕೊಡ್ತೀನಿ, ಹೋಗ್ಲಿ.”

ಬೆಳಿಗ್ಗೆಯಿಂದ ಒಳಗೇ ಕುದಿಯುತ್ತಿದ್ದುದೆಲ್ಲ ಅಕ್ಕನ ನಾಲಿಗೆಗೆ ಬಂತು. “ಯಾವ ಅರ್ಧ? ಮಾತು ಬಿದ್ರೆ ಅಂತ ಹೇಳಿದ್ದು ನೀವು. ಕೆಮ್ಮೋದು ಮಾತಾ? ನೀವು ಅಂಗಡೀಲಿ ದಿನಾ ಕೆಮ್ತೀರಲ್ಲ, ಅದನ್ನ ಯಾರಾದ್ರೂ ಮಾತು ಅಂತಾರಾ? ಇಡೀ ಮಧ್ಯಾಹ್ನ ಅವರ ಕುರ್ಚೀಲಿ ಕೂತು, ನನ್ನ ತಂಗಿ ಕೆಲಸಾನ ಹೀಗಳೆದು, ಈಗ ಚೌಕಾಸಿ ಬೇರೆ! ಪೂರ್ತಿ ಎಣಿಸಿ ಇಡಿ. ತಗೊಳ್ಳಿ, ಗಂಟಲಿಗೆ ಗುಳಿಗೆ.”

ಕೆಮ್ಮಿನ ಗುಳಿಗೆ ಕೈಗೆ ಬಿದ್ದಾಗ ಮಾವ ಪರ್ಸು ತೆಗೆದ. ಕೂದಲು ಕತ್ತರಿಸಿಕೊಳ್ಳುತ್ತಿದ್ದ ಹೆಂಗಸು, ಯಾರೂ ಕೇಳದಿದ್ದರೂ, ಕುತ್ತಿಗೆಗೆ ಸುತ್ತಿದ್ದ ಬಟ್ಟೆಯ ಒಳಗಿಂದಲೇ ಕೈ ಚಾಚಿ ತನ್ನ ಪಾಲಿನ ದುಡ್ಡೂ ಕೊಟ್ಟಳು. ನಾಳೆ ಬೇಕರಿಗೂ ಔಷಧಿ ಅಂಗಡಿಗೂ ಮತ್ತೊಮ್ಮೆ ಹೋಗಬೇಕು, ಈ ಸಲ ಏನನ್ನೂ ಕೊಳ್ಳಬಾರದು ಎಂದುಕೊಂಡಳು ಅಕ್ಕ.

ಆರು ಹೊಡೆಯಿತು.

“ಅಕ್ಕಾ, ಆ ಬನ್ನು ಎಷ್ಟು ದಿನದ್ದೇ! ಭಾವಾ, ಏನು ಮಾತಾಡಿದ್ರಿ ಭಾವಾ! ನನಗಂತೂ…”

ಗಂಡ ಕೈ ಎತ್ತಿದ. “ತ… ತಡಿ.”

ಅವನಿಗೆ ಇನ್ನೂ ಏನೋ ಹೇಳಬೇಕಿತ್ತು. ತುಟಿ ಅಲುಗುತ್ತಿತ್ತು, ಮಾತು ಬಂದಿರಲಿಲ್ಲ. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಳು. ಚೌಕಾಸಿ ಮಾವನೂ ಹೊರಟವನು ಬಾಗಿಲಲ್ಲೇ ನಿಂತ, ಗುಳಿಗೆ ಚೀಪುತ್ತಾ.